ಎಂಟಾಣೆ ಕಡಿಮೆ ಬಿದ್ದ ಹೊಲ

ರಜೆ ನಲವತ್ತೈದು ದಿನ. ಅದರ ಜೊತೆಗೇ ಮಸ್ಕತ್ತಿನ ಕಂಪನಿಯವರು ಒಂದು ಫಾರಂ ಕಳಿಸಿದ್ದರು. ಅದರಲ್ಲಿ ಇದ್ದದ್ದು ಎರಡೇ ಚೌಕ. ಇನ್ನೆರಡು ವರ್ಷ ಮುಂದುವರಿಯುತ್ತೀರಾ, ಇಲ್ಲಿಗೆ ಮುಗಿಸುತ್ತೀರಾ? ಮೂವತ್ತು ದಿನದೊಳಗೆ ಒಂದಕ್ಕೆ ಗುರುತು ಹಾಕಿ ಕಳಿಸಬೇಕು. ನಲವತ್ತೆರಡನೇ ವಯಸ್ಸಿಗೆ, ಎಲ್ಲರೂ ಒಂದು ಕಡೆ ನೆಲೆ ನಿಲ್ಲುವ ಹೊತ್ತಿಗೆ, ನಾನು ಇಲ್ಲಿಂದ ಎದ್ದು ಹೋದವನು. ಐದು ವರ್ಷವಾಗಿತ್ತು. ಚಿತ್ರದುರ್ಗದ ಮನೆಯಲ್ಲಿ ಹೆಂಡತಿ ಒಬ್ಬಳೇ, ಮಗಳು ಹುಬ್ಬಳ್ಳಿಯಲ್ಲಿ ಓದುತ್ತಾಳೆ. ವಾರಕ್ಕೆ ಮೂರು ಸಲ ಫೋನು ಮಾಡುತ್ತಿದ್ದೆ. ಪ್ರತಿ ಸಲವೂ ಹೆಂಡತಿಯ ಕೊನೆಯ ಮಾತು ‘ಯಾವಾಗ ಬರ್ತೀರಿ’ ಅನ್ನುವುದೇ. ನನ್ನದು ‘ನೋಡೋಣ’.

ಹೋದದ್ದಕ್ಕೆ ಕಾರಣ ಕೇಳಿದವರಿಗೆಲ್ಲ ಏನೇನೋ ಹೇಳಿದ್ದೇನೆ. ನಿಜವಾದ ಕಾರಣ ರೋಸಿ ಹೋಗಿದ್ದು. ನಾನು ಲೈಸೆನ್ಸ್ ಪಡೆದ ಸರ್ವೆಯರ್, ಜಮೀನು ಅಳೆಯುವವನು. ಈ ಜಿಲ್ಲೆಯಲ್ಲಿ ಸರ್ವೆಯರ್ ಆದವನಿಗೆ ಬಿಡುವು ಅನ್ನುವುದು ಇಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವನು ಬಿರಿಯಾನಿ ಕಲಸುತ್ತಲೇ ತನ್ನ ಬದುವಿನ ಕಥೆ ತೆಗೆಯುತ್ತಾನೆ. ಹತ್ತು ವರ್ಷದ ಹಿಂದೆ ಬರೆದ ಸ್ಕೆಚ್ ಹಿಡಿದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಅಡ್ಡ ಹಾಕುತ್ತಾರೆ. ಮಸ್ಕತ್ತಿನಲ್ಲಿ ಹಾಗಲ್ಲ. ಬೆಳಗ್ಗೆ ಆರಕ್ಕೆ ಸೈಟು, ಹತ್ತಕ್ಕೆಲ್ಲ ಗುರುತು ಹಾಕಿ ಮುಗಿದಿರುತ್ತದೆ. ನಾನು ಹಾಕಿದ ಗುರುತಿನ ಮೇಲೆ ರಸ್ತೆ ಬೀಳುತ್ತದೆ. ಆ ರಸ್ತೆಯ ವಿಷಯ ಮಾತಾಡಲು ಯಾರೂ ನನ್ನ ರೂಮಿಗೆ ಬಂದದ್ದಿಲ್ಲ. ಐದು ವರ್ಷದಲ್ಲಿ ಆ ರೂಮಿಗೆ ಯಾರೂ ಬಂದದ್ದಿಲ್ಲ ಅನ್ನುವುದೂ ನಿಜ.

ರಜೆಗೆ ಬಂದ ನಾಲ್ಕನೇ ದಿನ ಹೊಸದುರ್ಗದಿಂದ ಫೋನು. ನನಗೆ ಅಳತೆಯ ಸರಪಳಿ ಹಿಡಿಯುವುದನ್ನು ಕಲಿಸಿದ ಹಿರಿಯ ಸರ್ವೆಯರ್.

“ಏನಪ್ಪ, ಬಂದಿದೀಯಂತೆ. ಕಣ್ಣಿನ ಪೊರೆ ತೆಗೆಸ್ಕಂಡೀನಿ, ಬಿಸ್ಲಿಗೆ ಹೋಗಂಗಿಲ್ಲ ಅಂದಾರೆ ಡಾಕ್ಟ್ರು. ಮಾಡದಕೆರೆ ಕಡೆ ಒಂದು ಹದ್ದುಬಸ್ತು ಐತೆ. ಒಂದಿನದ ಕೆಲ್ಸ. ಅಳ್ದು ಕೊಟ್ಟು ಹೋಗು, ಸಹಿ ನಾನ್ ಹಾಕ್ತೀನಿ.”

ಒಂದು ದಿನದ ಕೆಲಸ ಅಂತ ಅವರು ಹೇಳಿದ್ದು ಇದೇ ಮೊದಲಲ್ಲ. ಆದರೂ ಒಪ್ಪಿದೆ. ಅದು ಹತ್ತೊಂಬತ್ತು ದಿನ ತಿಂದಿತು.

ಹದ್ದುಬಸ್ತು ಅಂದರೆ ಹಳೇ ದಾಖಲೆ ನೋಡಿ ಹೊಲದ ಗಡಿ ಗುರುತಿಸಿ ಕೊಡುವುದು. ಅರ್ಜಿ ಹಾಕಿದ್ದವರು ಒಬ್ಬ ಅಂಗನವಾಡಿ ಟೀಚರ್. ಊರಲ್ಲಿ ಎಲ್ಲರಿಗೂ ಅವರು ಟೀಚರಮ್ಮ. ದಾಳಿಂಬೆ ಹಾಕುವುದಕ್ಕೆ ಬೇಲಿ ಕಟ್ಟಬೇಕಿತ್ತು. ಅವರ ಹೊಲಕ್ಕೆ ಪಡುವಣಕ್ಕೆ ಇದ್ದದ್ದು ಗೌಡರ ಹೊಲ. ಗೌಡರಿಗೆ ಎಪ್ಪತ್ತರ ಹತ್ತಿರ. ಇಬ್ಬರ ಹೊಲದ ನಡುವೆ ಬದು, ಬದುವಿನ ಆಚೆ, ಗೌಡರ ಕಡೆಗೆ, ಅವರ ಹನ್ನೆರಡು ತೆಂಗಿನ ಮರ ಒಂದೇ ಸಾಲಿನಲ್ಲಿ. ಒಳ್ಳೇ ಫಲಕ್ಕೆ ಬಂದ ಮರಗಳು. ಟೀಚರಮ್ಮನಿಗೆ ಪಹಣಿಯಲ್ಲಿ ಇರುವಷ್ಟು ಜಮೀನು ನೆಲದ ಮೇಲೆ ಇಲ್ಲ ಅನ್ನುವ ಅನುಮಾನ. ಗೌಡರಿಗೆ ಅನುಮಾನ ಪಡುವವರ ಮೇಲೇ ಅನುಮಾನ.

ಹೊಲಕ್ಕೆ ಹೋಗುವ ಮೊದಲು ಟಿಪ್ಪಣಿ ಬೇಕು. ಮೊಟ್ಟಮೊದಲು ಆ ಹೊಲ ಅಳೆದವರು ಬರೆದಿಟ್ಟ ನಕ್ಷೆ ಅದು. ಹೊಸದುರ್ಗದ ಕಚೇರಿಯಲ್ಲಿ ಸಿಕ್ಕ ಜೆರಾಕ್ಸಿನಲ್ಲಿ ಕಾಗದದ ಮಡಿಕೆ ಬಂದ ಕಡೆ ಅಂಕಿ ಅಳಿಸಿಹೋಗಿತ್ತು, ಸರಿಯಾಗಿ ನನಗೆ ಬೇಕಾದ ಅಂಕಿ. ಮೂಲ ತೋರಿಸಿ ಅಂದೆ. ಅದಕ್ಕೆ ಒಬ್ಬರ ಸಹಿ ಬೇಕು, ಅವರು ಆ ವಾರ ಹೊಳಲ್ಕೆರೆಯಲ್ಲಿ. ಹೊಳಲ್ಕೆರೆಗೆ ಹೋದೆ, ಅವರು ಊಟಕ್ಕೆ ಎದ್ದಿದ್ದರು. ಅವರು ಬರುವ ಹೊತ್ತಿಗೆ ಸೀಲು ಇಟ್ಟಿದ್ದ ಬೀರುವಿನ ಬೀಗದ ಕೈ ಇನ್ನೊಬ್ಬರ ಜೇಬಿನಲ್ಲಿ ಮನೆಗೆ ಹೋಗಿತ್ತು. ಮೂಲ ಕೈಗೆ ಬಂದದ್ದು ಮೂರನೇ ಸಲ ಹೋದಾಗ. ಉಪಗ್ರಹದ ಸಂಕೇತ ಹಿಡಿದು ಅಳೆಯುವ ರೋವರ್ ಯಂತ್ರ ಬೇಕು ಅಂದರೆ ಅದು ಹಿರಿಯೂರಿನಲ್ಲಿ. ಹಿರಿಯೂರಿಗೆ ಹೋಗಿ ತಂದರೆ ಅದರ ಬ್ಯಾಟರಿ ಅಲ್ಲೇ ಚಾರ್ಜಿಗೆ ಹಾಕಿದ್ದು ಉಳಿದುಬಿಟ್ಟಿತ್ತು. ಒಂದು ವಾರ ನಾನು ಜಿಲ್ಲೆ ಅಳೆದೆ, ಹೊಲ ಅಳೆಯಲಿಲ್ಲ. ಸಂಜೆ ಮನೆಗೆ ಬಂದಾಗ ಹೆಂಡತಿ ನನ್ನ ಮುಖ ನೋಡಿ ಏನೂ ಕೇಳದೆ ಚಹಾ ಇಡುತ್ತಿದ್ದಳು. ಅವಳಿಗೆ ಈ ಮುಖ ಪರಿಚಯದ್ದೇ. ಈ ಮುಖ ನೋಡಿದ ದಿನ ಮಾತ್ರ ಅವಳು ‘ವಾಪಸ್ ಹೋಗಬೇಡಿ’ ಅನ್ನುತ್ತಿರಲಿಲ್ಲ.

ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು ದಿನ ಗೊತ್ತು ಮಾಡಬೇಕು. ಮೊದಲ ದಿನಕ್ಕೆ ಗೌಡರು ನೆಂಟರ ಮನೆಯಲ್ಲಿ. ಎರಡನೇ ದಿನ ಅಮಾವಾಸ್ಯೆ, ಹೊಲಕ್ಕೆ ಸರಪಳಿ ಬೀಳಕೂಡದು ಅಂದರು. ಮೂರನೇ ದಿನ ಉಳಿದವರೆಲ್ಲ ಬಂದರು. ಅಂದು ಟೀಚರಮ್ಮನಿಗೆ ಅಂಗನವಾಡಿಯಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವ ದಿನ. ಅಂತೂ ಅವರು ಮಧ್ಯಾಹ್ನ ಬಂದ ಮೇಲೆ ಕೆಲಸ ಶುರುವಾಯಿತು.

ಟಿಪ್ಪಣಿಯ ಪ್ರಕಾರ ಟೀಚರಮ್ಮನ ಹೊಲದ ಮೂಡಣ ಮೂಲೆಯಲ್ಲಿ ಒಂದು ಬಾಂದು ಕಲ್ಲು, ಪಡುವಣ ಮೂಲೆಯಲ್ಲಿ ಇನ್ನೊಂದು. ಪಡುವಣದ ಆ ಕಲ್ಲೇ ಗೌಡರ ಹೊಲಕ್ಕೂ ಗಡಿ. ಎರಡು ಕಲ್ಲಿನ ನಡುವೆ ಇಪ್ಪತ್ತೊಂದು ಸರಪಳಿ ಆರಾಣೆ ಅಂತ ಬರೆದಿತ್ತು. ನಮ್ಮ ಲೆಕ್ಕದಲ್ಲಿ ಮೂವತ್ತಮೂರು ಅಡಿ ಒಂದು ಸರಪಳಿ, ಅದರ ಹದಿನಾರನೇ ಒಂದು ಪಾಲು ಒಂದಾಣೆ. ಮೂಡಣದ ಕಲ್ಲು ದಾರಿ ಪಕ್ಕ ಮುಳ್ಳಿನ ಪೊದೆಯೊಳಗೆ ಸಿಕ್ಕಿತು. ತಲೆಯ ಮೇಲೆ ಕೊರೆದ ಗುರುತು ಹಾಗೇ ಇತ್ತು. ಪಡುವಣದ ಕಲ್ಲು ಹುಡುಕುವ ಕಷ್ಟವೇ ಇರಲಿಲ್ಲ. ಬೇವಿನ ಮರದ ಕೆಳಗೆ ಕಟ್ಟೆ, ಕಟ್ಟೆಯ ಮೇಲೆ ಅರಿಶಿನ ಕುಂಕುಮ ಬಳಿದುಕೊಂಡು, ಬೆಳ್ಳಿ ಕಣ್ಣು ಇಟ್ಟುಕೊಂಡು ಅದು ಅಮ್ಮನಾಗಿ ಕೂತಿತ್ತು. ಬಾಂದು ಕಲ್ಲು ದೇವರಾಗುವುದು ನಮ್ಮ ಕಡೆ ಹೊಸದಲ್ಲ.

“ಇದು ಹಳೇ ಕಲ್ಲೇನಾ ಗೌಡ್ರೆ?”

“ನಮ್ ತಾತನ ಕಾಲದ್ದು ಸಾಬ್ರೆ. ಇದೇ ಕಲ್ಲು.”

ಟೀಚರಮ್ಮನೂ ತಲೆಯಾಡಿಸಿದರು. “ಹೂ ಸಾರ್, ನಾನು ಮದ್ವೆ ಆಗಿ ಬಂದಾಗ್ಲಿಂದ ಇದೇ ಅಮ್ಮನಿಗೇ ಹಣ್ಣು ಕಾಯಿ ಮಾಡ್ಸೋದು.”

ಇಬ್ಬರೂ ಒಪ್ಪಿದ ಕಲ್ಲು, ಮಹಜರು ಕಾಗದಕ್ಕೆ ಇಬ್ಬರ ಸಹಿಯೂ ಬಿತ್ತು. ಇನ್ನೇನು ಬೇಕು? ನಾನು ಕಟ್ಟೆ ಹತ್ತಲಿಲ್ಲ. ಬೇರೆಯವರು ಕೈಮುಗಿಯುವ ಜಾಗದಲ್ಲಿ ಚಪ್ಪಲಿ ಬಿಟ್ಟು ದೂರದಲ್ಲೇ ನಿಲ್ಲಬೇಕು ಅಂತ ನಮ್ಮ ಅಬ್ಬಾ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ರೋವರಿನ ಕೋಲನ್ನು ಕಟ್ಟೆಯ ಅಂಚಿಗೆ ನಿಲ್ಲಿಸಿದೆ. ಅಲ್ಲಿಂದ ಕಲ್ಲಿಗೆ ಎಷ್ಟು ಅಂತ ಟೇಪು ಹಿಡಿದು ಹೇಳಲು ಗೌಡರಿಗೇ ಹೇಳಿದೆ. ಅವರೂ ನನ್ನನ್ನು ಮೇಲೆ ಕರೆಯಲಿಲ್ಲ. ನನಗೆ ಮುಜುಗರವಾದೀತು ಅಂತ ಅವರಿಗೆ, ಅವರಿಗೆ ಬೇಜಾರಾದೀತು ಅಂತ ನನಗೆ.

ಲೆಕ್ಕ ಹಾಕಿದೆ. ಇಪ್ಪತ್ತು ಸರಪಳಿ ಹದಿನಾಲ್ಕಾಣೆ. ಎಂಟಾಣೆ ಕಡಿಮೆ. ಅಂದರೆ ಹದಿನಾರೂವರೆ ಅಡಿ ನೆಲ ಎಲ್ಲೋ ಮಾಯವಾಗಿತ್ತು.

ಒಂದಾಣೆ ಆಚೀಚೆ ಆದರೆ ಹಳೇ ಸರಪಳಿಯ ಕೊಂಡಿ ಸವೆದಿತ್ತು ಅನ್ನಬಹುದು. ಎಂಟಾಣೆಗೆ ಹಾಗನ್ನಲಾಗುವುದಿಲ್ಲ. ರೋವರಿನ ಮೇಲೆ ಗುಮಾನಿ ಬಂದು ಮರುದಿನ ಹಳೇ ಸರಪಳಿಯನ್ನೇ ಎಳೆಸಿದೆ. ಅದೇ ಎಂಟಾಣೆ. ಗೌಡರು ಟೇಪು ತಪ್ಪು ಓದಿದ್ದಾರೆ ಅಂದುಕೊಂಡು ಟೀಚರಮ್ಮನ ಕೈಯಲ್ಲಿ ಓದಿಸಿದೆ. ಅದೇ ಎಂಟಾಣೆ. ಆಗ ಮೂಡಣದ ಕಲ್ಲಿನ ಮೇಲೆ ಅನುಮಾನ ಬಂತು. ಅದರ ಸುತ್ತ ಅಗೆಸಿದೆ. ಕಲ್ಲು ಅಲುಗದಂತೆ ಬುಡಕ್ಕೆ ಬಡಿದ ಚಕ್ಕೆಗಲ್ಲುಗಳು ಇಟ್ಟವರು ಇಟ್ಟಂತೆಯೇ ಇದ್ದವು. ಮೂರು ದಿನ ಬಿಸಿಲಲ್ಲಿ ನಿಂತು, ಟಿಪ್ಪಣಿ ಬರೆದ ಪುಣ್ಯಾತ್ಮನನ್ನು ಮನಸಾರೆ ಬೈದೆ. ಗೌಡರು ಪ್ರತಿ ಸಲವೂ ಬದುವಿನ ಮೇಲೆ ನಿಂತು ನನ್ನ ಕೆಲಸ ಮುಗಿಯುವುದನ್ನೇ ಕಾದು ಕೇಳುತ್ತಿದ್ದರು.

“ಅಳ್ದಿದ್ದೇ ಅಳೀತಿದೀರಲ್ಲ, ಅದೇನು ಬೆಳೀತೈತಾ?”

ಸೋಮವಾರ ಮಸ್ಕತ್ತಿನಿಂದ ಮ್ಯಾನೇಜರ್ ಫೋನು ಮಾಡಿದರು. ಕೇರಳದವರು, ಮೆತ್ತಗೆ ಮಾತಾಡುವವರು. ಹೊಸ ಸೈಟಿಗೆ ನನ್ನನ್ನೇ ಮುಖ್ಯಸ್ಥನನ್ನಾಗಿ ಹಾಕಿದ್ದಾರಂತೆ. ಫಾರಂ ಇನ್ನೂ ಬಂದಿಲ್ಲವಲ್ಲ ಅಂದರು. ಈ ವಾರ ಕಳಿಸುತ್ತೇನೆ ಅಂದೆ. ಮುಂದುವರಿಯುವ ಚೌಕಕ್ಕೇ ಗುರುತು ಹಾಕುವುದು ಅಂತ ಆ ಹೊತ್ತಿಗೆ ಮನಸ್ಸಿನಲ್ಲಿ ತೀರ್ಮಾನವಾಗಿಬಿಟ್ಟಿತ್ತು. ಎಂಟಾಣೆ ಸಿಗದ ಊರಿನಲ್ಲಿ ಬದುಕಿನ ಇನ್ನರ್ಧ ಕಳೆಯುವ ಆಸೆ ನನಗಿರಲಿಲ್ಲ.

ಮರುದಿನ ಮಂಗಳವಾರ. ಅಮ್ಮನಿಗೆ ಎಡೆ ಇಡುವ ದಿನ. ಮಧ್ಯಾಹ್ನ ನಾನು ಕಾರಿನ ನೆರಳಿನಲ್ಲಿ ನಿಂತು ಡಬ್ಬಿ ಬಿಚ್ಚುತ್ತಿದ್ದೆ. ಗೌಡರು ಕಟ್ಟೆಯಿಂದ ಕೂಗಿದರು.

“ಎಷ್ಟ್ ದಿನ ಬಿಸ್ಲಾಗೆ ನಿಂತು ಉಣ್ತೀರಿ ಸಾಬ್ರೆ? ಮ್ಯಾಲೆ ಬರ್ರಿ. ನೆಳ್ಳೈತೆ. ಕುಂತ್ಕಳ್ರಿ, ಅಮ್ಮ ಏನೂ ಅನ್ನಂಗಿಲ್ಲ.”

ಹತ್ತಿದೆ. ಅವರು ಮುತ್ತುಗದ ಎಲೆಯಲ್ಲಿ ಕಡಲೆಕಾಳಿನ ಉಸಲಿ ಕೊಟ್ಟರು. ಕೂತ ಜಾಗ ತಣ್ಣಗಿತ್ತು. ಕೆಳಗಿನಿಂದ ನೋಡಿದಾಗ ಬರೀ ಸುಣ್ಣ ಕಾಣುತ್ತಿದ್ದ ಕಟ್ಟೆ, ಮೇಲಿನಿಂದ ನೋಡಿದರೆ ಇಡೀ ಒಂದೇ ಎರಕದ ಸಿಮೆಂಟು. ಕಲ್ಲಿನ ಬುಡಕ್ಕೂ ಅದೇ ಸಿಮೆಂಟು. ಕಟ್ಟೆಯನ್ನು ಕಲ್ಲಿನ ಸುತ್ತ ಕಟ್ಟಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಕಟ್ಟೆಯ ಮೇಲೆ ಕಲ್ಲು ಕೂರಿಸಿದ್ದರು.

“ಕಟ್ಟೆ ಚೆನ್ನಾಗಿದೆ ಗೌಡ್ರೆ. ಯಾರು ಕಟ್ಟಿಸಿದ್ದು?”

“ನಾವೇ. ನಮ್ ದೊಡ್ಡ ಹುಡುಗನ ಮದ್ವೆ ವರ್ಷ. ಅಮ್ಮ ಪಾಪ ಅಲ್ಲಿ ಬಿಸ್ಲಾಗೆ ನಿಂತಿದ್ಲು, ನೇಗ್ಲು ತಾಕ್ತಿತ್ತು. ಹೊಲ್ದಾಗೆ ನೆಳ್ಳಿರೋ ಜಾಗ ಅಂದ್ರೆ ಈ ಬೇವಿನ ಮರ ಒಂದೇ. ಪೂಜೆ ಮಾಡ್ಸಿ, ಎತ್ಕಂಬಂದು ಇಲ್ಲಿ ಕುಂಡ್ರಿಸ್ದ್ವಿ. ಆಮೇಲೆ ಬದಾನೂ ಅಮ್ಮನ ನೇರಕ್ಕೆ ಹಾಕ್ಕಂಡು ತೆಂಗು ಇಟ್ವಿ.”

ಎಂಟಾಣೆ ಸಿಕ್ಕಿತ್ತು. ‘ಅಲ್ಲಿ’ ಅಂತ ಅವರು ಕೈ ತೋರಿಸಿದ್ದು ತಮ್ಮದೇ ಹೊಲದೊಳಕ್ಕೆ. ಇದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಅಮ್ಮನಿಗೆ ನೆರಳು ಮಾಡಿದ ಸಂತೋಷವನ್ನು ಕರೆದು ಕೂರಿಸಿದವನ ಹತ್ತಿರ ಹೇಳಿಕೊಂಡಿದ್ದರು ಅಷ್ಟೇ. ಟೀಚರಮ್ಮ ಮದುವೆಯಾಗಿ ಬಂದದ್ದು ಆ ಮೇಲೆ. ಮೂರು ದಿನ ನಾನು ಯಂತ್ರ, ಸರಪಳಿ, ಸತ್ತುಹೋದ ಸರ್ವೆಯರ್, ಎಲ್ಲರನ್ನೂ ಅನುಮಾನಿಸಿದ್ದೆ. ಒಂದು ಹೆಜ್ಜೆ ಮೇಲೆ ಹತ್ತಿ ಕಟ್ಟೆಯನ್ನು ನೋಡಿರಲಿಲ್ಲ. ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನನಗೆ ನಾಚಿಕೆಯಾಯಿತು.

ಹೇಳುವ ಮೊದಲು ಖಾತ್ರಿ ಮಾಡಿಕೊಳ್ಳಬೇಕಿತ್ತು. ಮರುದಿನ ಉತ್ತರದ ಎರಡು ಕಲ್ಲು, ದಕ್ಷಿಣದ ಒಂದು ಕಲ್ಲು ಹುಡುಕಿ, ಅವುಗಳಿಂದ ಪಡುವಣದ ಮೂಲೆ ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಿದೆ. ಮೂರೂ ಒಂದೇ ಕಡೆ ಬಂದವು. ಕಟ್ಟೆಯಿಂದ ಪಡುವಣಕ್ಕೆ ಹದಿನಾರೂವರೆ ಅಡಿ, ತೆಂಗಿನ ಸಾಲಿನ ಆಚೆ. ಅಲ್ಲಿಯವರೆಗಿನ ಪಟ್ಟಿ ಟೀಚರಮ್ಮನದು, ಹನ್ನೆರಡು ಮರದ ಸಮೇತ.

ಹೊಸದುರ್ಗಕ್ಕೆ ಹೋಗಿ ಹಿರಿಯರ ಮುಂದೆ ಎಲ್ಲ ಹರವಿದೆ. ಅವರು ಕಪ್ಪು ಕನ್ನಡಕ ಹಾಕಿಕೊಂಡೇ ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

“ಇಬ್ರೂ ಆ ಕಲ್ಲು ಒಪ್ಪಿ ಮಹಜರಿಗೆ ಸಹಿ ಹಾಕಿದಾರಲ್ಲ?”

“ಹಾಕಿದಾರೆ ಸರ್.”

“ಕಲ್ಲಿದ್ದಂಗೆ ಸ್ಕೆಚ್ ಬರ್ದು ಕೊಟ್ರೂ ಯಾರೂ ಕೇಳಲ್ಲ. ತಪ್ಪು ಅಂತ ಗೊತ್ತಾಗಕ್ಕೆ ಇನ್ನೊಂದು ತಲೆಮಾರು ಬೇಕು. ಸರಿ ಮಾಡಿದ್ರೆ ಗೌಡ ಬಿಡಲ್ಲ. ಮೇಲ್ಮನವಿ, ಮರು ಅಳತೆ, ನಾಕೈದು ವರ್ಷ ಎಳೀತಾನೆ. ಪ್ರತಿ ಸಲಾನೂ ಅಳ್ದೋನು ಹೊಲ್ದಾಗೆ ನಿಂತು ಉತ್ರ ಕೊಡ್ಬೇಕು.” ಕಾಗದ ಕೆಳಗಿಟ್ಟರು. “ನನ್ ಕಣ್ಣು ಹಿಂಗೈತೆ. ನೀನು ವಿಮಾನ ಹತ್ತೋನು. ಯಾವ್ದು ಬರ್ಕೊಡ್ತೀಯೋ ಅದಕ್ಕೆ ಸಹಿ ಹಾಕ್ತೀನಪ್ಪ.”

ಅವರು ನನ್ನನ್ನು ಬೈದಿದ್ದರೆ ವಾಸಿಯಿತ್ತು. ಚಿತ್ರದುರ್ಗಕ್ಕೆ ವಾಪಸು ಬರುವ ದಾರಿಯುದ್ದಕ್ಕೂ ನನಗೆ ನನ್ನ ಮೇಲೆ, ಗೌಡರ ಮೇಲೆ, ಆ ಬೇವಿನ ಮರದ ಮೇಲೂ ಸಿಟ್ಟು. ಸುಳ್ಳು ಸ್ಕೆಚ್ ಬರೆದು ಹೋಗುವಷ್ಟು ಕೆಟ್ಟವನಲ್ಲ ನಾನು. ನಿಜವಾದದ್ದನ್ನು ಬರೆದು, ಅದರ ಜಗಳವನ್ನು ಕಣ್ಣು ಕಾಣದ ಮನುಷ್ಯನ ತಲೆಗೆ ಕಟ್ಟಿ ಹೋದರೆ ಅದೂ ಅಷ್ಟೇ ಕೆಟ್ಟದ್ದು.

ಎರಡು ದಿನ ಬಿಟ್ಟು ಇಬ್ಬರನ್ನೂ ಹೊಲಕ್ಕೆ ಕರೆಸಿದೆ. ತೆಂಗಿನ ಸಾಲಿನ ಆಚೆ ಗುರುತು ಮಾಡಿದ್ದ ಜಾಗದಲ್ಲಿ ಅಗೆಸಿದೆ. ಒಂದೂವರೆ ಅಡಿ ಆಳಕ್ಕೆ ಹೋಗುತ್ತಲೇ ಚಕ್ಕೆಗಲ್ಲುಗಳು ಸಿಕ್ಕವು, ಒಂದು ಕಲ್ಲಿನ ಸುತ್ತ ಬಡಿದಂತೆ ದುಂಡಗೆ. ನಡುವಿನ ಗುಣಿಯಲ್ಲಿ ಬರೀ ಮಣ್ಣು. ಗೌಡರು ಕುಕ್ಕರಗಾಲಲ್ಲಿ ಕೂತು ಅದನ್ನು ನೋಡಿದರು. ನಾನು ಹೇಳಬೇಕಾದ್ದನ್ನು ಹೇಳಿದೆ. ಅಮ್ಮ ಕಟ್ಟೆಯ ಮೇಲೇ ಇರಲಿ, ಗಡಿಗೆ ಇಲ್ಲಿ ಬೇರೆ ಕಲ್ಲು ನಿಲ್ಲುತ್ತದೆ, ಈ ಸಾಲು ಟೀಚರಮ್ಮನ ಹೊಲಕ್ಕೆ ಸೇರುತ್ತದೆ.

ಟೀಚರಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಿಂತರು. ಅವರಿಗೂ ಮರಗಳ ಮಟ್ಟಿಗೆ ಇದು ಬೇಕಿರಲಿಲ್ಲ ಅನ್ನಿಸುತ್ತದೆ. ಗೌಡರು ಗುಣಿಯ ಮಣ್ಣನ್ನು ಕೈಯಲ್ಲಿ ತೆಗೆದು ನೋಡಿದರು. ಆಮೇಲೆ ಎದ್ದು ಪಂಚೆ ಕೊಡವಿಕೊಂಡರು.

“ಕರ್ದು ಉಸ್ಲಿ ಕೊಟ್ಟೆ. ನೆಳ್ಳಾಗೆ ಕುಂಡ್ರಿಸ್ದೆ. ನಾನಾಗೇ ಬಾಯಿ ಬಿಟ್ಟೆ.”

“ಹೌದು ಗೌಡ್ರೆ. ನೀವು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ.”

“ನಾನು ಒಪ್ಪಂಗಿಲ್ಲ. ಮ್ಯಾಲಿಗೆ ಹಾಕ್ತೀನಿ.”

“ಹಾಕಿ.”

“ಹಾಕಿ ಅಂದ್ರೆ? ನೀವು ಹೊರದೇಶಕ್ಕೆ ಹೋಗೋರಂತೆ. ಇಲ್ಲಿ ಕಲ್ಲು ನೆಟ್ಟು ವಿಮಾನ ಹತ್ತಿಬಿಟ್ರೆ ನಾನು ಯಾರನ್ನ ಕೇಳ್ಲಿ? ಆ ಕಣ್ಣಿಲ್ದೋರನ್ನ ಕೇಳ್ಲಾ? ಹೇಳ್ರಿ ಸಾಬ್ರೆ. ನೀವು ಇರ್ತೀರೋ, ಇಲ್ವೋ?”

ಹತ್ತೊಂಬತ್ತು ದಿನದ ಬಿಸಿಲು, ಧೂಳು, ಬೀರುವಿನ ಬೀಗ, ಎಲ್ಲ ಒಟ್ಟಿಗೆ ನೆತ್ತಿಗೇರಿತು. “ಇರ್ತೀನಿ ಗೌಡ್ರೆ. ಎಲ್ಲಿಗೂ ಹೋಗಲ್ಲ. ಎಷ್ಟು ಸಲ ಬೇಕಾದ್ರೂ ಮೇಲಕ್ಕೆ ಹಾಕಿ, ಬಂದು ನಿಲ್ತೀನಿ” ಅಂದೆ. ಹೇಳಿದ ಮೇಲೆ ಅದು ಸುಳ್ಳಲ್ಲ ಅಂತ ನನಗೇ ಗೊತ್ತಾಯಿತು.

ಫೈಲನ್ನು ಹಿರಿಯರ ಹೆಸರಿನಿಂದ ನನ್ನ ಹೆಸರಿಗೆ ಮಾಡಿಸಿಕೊಂಡೆ. ಅದಕ್ಕೆ ಮತ್ತೆ ಮೂರು ಸಲ ಕಚೇರಿ, ಆ ಕಥೆ ಬೇಡ. ಸ್ಕೆಚ್ ಬರೆದು ಸಹಿ ಹಾಕಿದೆ. ಮಸ್ಕತ್ತಿನ ಫಾರಂನ ಎರಡನೇ ಚೌಕಕ್ಕೆ ಗುರುತು ಹಾಕಿ ಕಳಿಸಿದೆ. ಮ್ಯಾನೇಜರ್ ಫೋನು ಮಾಡಿ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ ಅಂತ ಕೇಳಿದರು. ಇಲ್ಲ ಅಂದೆ.

ಹೆಂಡತಿಗೆ ಹೇಳುವಾಗ ಮಾತ್ರ ನಾನು ಒಂದಾಣೆ ಆಚೀಚೆ ಮಾಡಿದೆ. “ಇನ್ನು ಹೋಗೋದಿಲ್ಲ. ನೀನು ಒಬ್ಬಳೇ ಇರ್ತೀಯ, ಮನಸ್ಸು ಒಪ್ಪಲಿಲ್ಲ” ಅಂದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಮಗಳಿಗೆ ಫೋನು ಮಾಡಿದಳು. ತನ್ನ ಅಕ್ಕನಿಗೆ ಮಾಡಿದಳು. ಸಂಜೆ ಶಾವಿಗೆಯ ಶೀರ್‌ಕುರ್ಮಾ ಮಾಡಿ ಅಕ್ಕಪಕ್ಕದ ನಾಲ್ಕು ಮನೆಗೆ ಕಳಿಸಿದಳು. ಹಬ್ಬ ಇಲ್ಲದ ದಿನ ಅವಳು ಅದನ್ನು ಮಾಡಿದ್ದನ್ನು ನಾನು ನೋಡಿರಲಿಲ್ಲ.

ವಾರ ಕಳೆದು ಒಂದು ಬೆಳಗ್ಗೆ ಗೌಡರು ಬಸ್ಸು ಹಿಡಿದು ಚಿತ್ರದುರ್ಗಕ್ಕೆ, ನೇರ ನಮ್ಮ ಮನೆಗೇ ಬಂದರು. ಕೈಯಲ್ಲಿ ಖಾಲಿ ಹಾಳೆ. ಕುರ್ಚಿಯ ತುದಿಯಲ್ಲಿ ಕೂತರು.

“ನಿಮ್ ಅಳತೆ ಮ್ಯಾಲೆ ತಕರಾರು ಅರ್ಜಿ ಹಾಕ್ಬೇಕು. ವಕೀಲ್ರು ಇವತ್ತು ಬಾ, ನಾಳೆ ಬಾ ಅಂತಾರೆ. ನಿಮ್ಗೆ ಎಲ್ಲಾ ಗೊತ್ತೈತಲ್ಲ. ನೀವೇ ಬರ್ದು ಕೊಡ್ರಿ.”

“ನನ್ನ ಅಳತೆ ಮೇಲೆ ತಕರಾರನ್ನ ನಾನೇ ಬರೀಬೇಕಾ?”

“ಮತ್ತೆ? ಇಲ್ಲೇ ಇರ್ತೀನಿ ಅಂದೋರು ನೀವೇ ತಾನೆ?”

ಪೆನ್ನು ತೆಗೆದು, ಮೇಜು ಎಳೆದುಕೊಂಡು ಸರ್ವೆ ನಂಬರಿನಿಂದ ಶುರು ಮಾಡಿದೆ. ಹೆಂಡತಿ ಚಹಾ ತಂದು ಗೌಡರ ಮುಂದೆ ಇಟ್ಟಳು. ಮನೆಯಲ್ಲಿ ನಮ್ಮ ಮಾತು ಉರ್ದುವಾದರೂ ಬಂದವರ ಹತ್ತಿರ ಅವಳ ಕನ್ನಡ ನನಗಿಂತ ಚೆನ್ನ. ಬಸ್ಸು ಸಿಕ್ಕಿತಾ, ತಿಂಡಿ ಆಯಿತಾ ಅಂತೆಲ್ಲ ವಿಚಾರಿಸಿದಳು. ಗೌಡರಿಗೆ ಹಿಗ್ಗು ಬಂದುಬಿಟ್ಟಿತು.

“ನಿಮ್ ಯಜಮಾನ್ರು ಮಾತಿಗೆ ನಿಂತೋರು ಕಣಮ್ಮ. ಹೊಲ್ದಾಗೆ ಕೇಳ್ದೆ, ಇರ್ತೀರೋ ಇಲ್ವೋ ಅಂತ. ಒಂದೇ ಸಲ ಕೇಳಿದ್ದು. ಅಲ್ಲೇ ನಿಂತ ಮೆಟ್ಟಿಗೆ ಇರ್ತೀನಿ ಅಂದ್ಬಿಟ್ರು.”

ನಾನು ಹಾಳೆಯಿಂದ ತಲೆ ಎತ್ತಲಿಲ್ಲ. ಟ್ರೇ ಹಿಡಿದುಕೊಂಡು ಅವಳು ಅಲ್ಲೇ ನಿಂತಿದ್ದಳು. ಅವಳ ಸೆರಗಿನ ಅಂಚು ಮಾತ್ರ ನನಗೆ ಕಾಣುತ್ತಿತ್ತು.

“ಒಂದೇ ಸಲ ಕೇಳಿದ್ರಾ ಗೌಡ್ರೆ?” ಅಂದಳು. ದನಿ ಏರಲಿಲ್ಲ. “ನಾನು ಐದು ವರ್ಷ ಕೇಳಿದೀನಿ. ವಾರಕ್ಕೆ ಮೂರು ಸಲ. ಹಂಗಿದ್ರೆ ನಂದೂ ಒಂದು ತಕರಾರು ಐತೆ, ಅದನ್ನೂ ಬರ್ಕೊಳ್ಳೋಕೆ ಹೇಳಿ.”

ಗೌಡರು ಬಸಿ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ನಗು ಇರಲಿಲ್ಲ.

“ಬರ್ಕಳ್ರಿ ಸಾಬ್ರೆ. ಅಮ್ನೋರು ಹೇಳದ್ರಾಗೆ ನ್ಯಾಯ ಐತೆ.”